ಐದು, ಆರು, ಏಳು

ಮಗುವನ್ನು ಎಲ್.ಕೆ.ಜಿ.ಗೆ ಸೇರಿಸುವಾಗ ಮನೆಮಂದಿಗೆಲ್ಲ ಎಷ್ಟು ಗಡಿಬಿಡಿ! ಅರ್ಜಿ ತರಲು ಬೆಳಗಿನ ಜಾವಕ್ಕೇ ಹೋಗಿ ನಿಲ್ಲುತ್ತಾರೆ, ಪರಿಚಯದವರಿಂದ ಒಂದು ಮಾತು ಹೇಳಿಸುತ್ತಾರೆ, ಮಗುವಿಗೆ ಬಣ್ಣಗಳ ಹೆಸರು ಬಾಯಿಪಾಠ ಮಾಡಿಸುತ್ತಾರೆ. ಮತ್ತೆ ಎಸ್‌ಎಸ್‌ಎಲ್‌ಸಿ ಬಂತೆಂದರೆ ಟಿ.ವಿ. ಬಂದ್, ಮದುವೆ ಮುಂಜಿಗೆ ಹೋಗುವುದು ಬಂದ್. ಇವೆರಡರ ಮಧ್ಯೆ ಐದು, ಆರು, ಏಳು ಎಂಬ ಮೂರು ತರಗತಿಗಳು ಯಾವಾಗ ಬಂದವು, ಯಾವಾಗ ಹೋದವು ಎಂದು ಕೇಳಿದರೆ ಹೆಚ್ಚಿನ ತಂದೆತಾಯಿಗಳಿಗೆ ನೆನಪೇ ಇರುವುದಿಲ್ಲ. ನನಗಾದರೋ ಶಾಲೆ ಎಂದರೆ ಮೊದಲು ನೆನಪಾಗುವುದು ಆ ಮೂರು ವರ್ಷಗಳೇ.

ಹಿಂದೆ ಅದನ್ನು ಮಿಡ್ಲ್ ಸ್ಕೂಲು ಎನ್ನುತ್ತಿದ್ದರು. ಈಗ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಅದು ಆರರಿಂದ ಎಂಟಕ್ಕೆ ಸರಿದಿದೆ, ಕಡತದಲ್ಲಿ ಹಿರಿಯ ಪ್ರಾಥಮಿಕ ಎಂದಾಗಿದೆ. ತರಗತಿಯ ಸಂಖ್ಯೆ ಏನೇ ಇರಲಿ, ಮಗುವಿನ ವಯಸ್ಸು ಹತ್ತು ದಾಟಿ ಹದಿಮೂರರ ಕಡೆಗೆ ಹೊರಟಿರುತ್ತದೆ. ನಿನ್ನೆಯವರೆಗೆ ಶಾಲೆಯಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ವರದಿ ಒಪ್ಪಿಸುತ್ತಿದ್ದ ಹುಡುಗಿ ಇವತ್ತು "ಏನಿಲ್ಲ" ಎಂದು ಒಳಗೆ ಹೋಗುತ್ತಾಳೆ. ಪೇರಳೆ ಮರ ಹತ್ತುತ್ತಿದ್ದವಳು ಕೆಳಗೆ ನಿಂತು ಬೇರೆಯವರಿಂದ ಕೀಳಿಸುತ್ತಾಳೆ. ಹುಡುಗರ ಸ್ವರ ಒಡೆಯುತ್ತದೆ, ಚಡ್ಡಿ ಗಿಡ್ಡವಾಗುತ್ತದೆ, ಕೈಕಾಲು ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ಗಣಿತದಲ್ಲಿ ಭಿನ್ನರಾಶಿ, ದಶಮಾಂಶ, ಸರಳ ಬಡ್ಡಿ ಒಂದರ ಹಿಂದೆ ಒಂದು ಬರುತ್ತವೆ. ನಾಲ್ಕನೆಯವರೆಗೆ ಲೆಕ್ಕದಲ್ಲಿ ಚುರುಕಾಗಿದ್ದ ಎಷ್ಟೋ ಮಕ್ಕಳು ಲೆಕ್ಕಕ್ಕೆ ಹೆದರಲು ಶುರುಮಾಡುವುದು ಇಲ್ಲೇ. ಆಮೇಲೆ ಹತ್ತನೆಯಲ್ಲಿ ಎಷ್ಟು ಟ್ಯೂಷನ್ ಕೊಡಿಸಿದರೂ ಆ ಹೆದರಿಕೆ ಬಿಡುವುದಿಲ್ಲ.

ನಾನು ಓದಿದ್ದು ದಕ್ಷಿಣ ಕನ್ನಡದ ಒಳನಾಡಿನ ಒಂದು ಊರಿನಲ್ಲಿ, ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಕನ್ನಡ ಮಾಧ್ಯಮದ ಅನುದಾನಿತ ಶಾಲೆಯಲ್ಲಿ. ಒಂದು ಕಡೆ ಇಗರ್ಜಿ, ಇನ್ನೊಂದು ಕಡೆ ಸಿಸ್ಟರುಗಳ ಕಾನ್ವೆಂಟು, ನಡುವೆ ಹಂಚಿನ ಮಾಡಿನ ಉದ್ದನೆಯ ಶಾಲೆ. ಆರನೆಯ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದ ಸಿಸ್ಟರ್‌ಗೆ ಸಂಜೆ ಓಡಿ ಹಿಡಿಯಬೇಕಾದ ಬಸ್ಸು ಇರಲಿಲ್ಲ. ಜನಗಣಮನ ಆಯಿತು, ಮಕ್ಕಳೆಲ್ಲ ಗೇಟು ದಾಟಿದರು, ಅವರು ಜಗಲಿಯಲ್ಲಿ ಒಂದು ಬೆಂಚು ಎಳೆದುಕೊಂಡು ಕೂತರು. ದಶಮಾಂಶ ತಲೆಗೆ ಹೋಗದವರು ಅಲ್ಲಿ ಕೂರಬಹುದಿತ್ತು. ಮನೆಗೆ ಬೇಗ ಹೋಗಲು ಇಷ್ಟವಿಲ್ಲದವರೂ ಕೂರಬಹುದಿತ್ತು. ಯಾಕೆ ಇಷ್ಟವಿಲ್ಲ ಎಂದು ಅವರು ಕೇಳುತ್ತಿರಲಿಲ್ಲ, ಆದರೆ ಯಾರ ಅಪ್ಪ ಕುಡಿದು ಬರುತ್ತಾರೆ, ಯಾರ ಮನೆಯಲ್ಲಿ ಅಮ್ಮ ಬಾಣಂತನಕ್ಕೆ ಹೋಗಿದ್ದಾರೆ, ಯಾರು ಮಧ್ಯಾಹ್ನ ಬುತ್ತಿ ತಂದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬುತ್ತಿ ತಾರದವರಿಗೆ ಆಗ ಕೇರ್ ಸಂಸ್ಥೆಯ ಗೋಧಿ ಸಜ್ಜಿಗೆ ಇತ್ತು. ಅದರ ದೊಡ್ಡ ಕೊಪ್ಪರಿಗೆಯ ಹತ್ತಿರ ನಿಂತು ಬಡಿಸಲು ಸಿಸ್ಟರ್ ಉಳ್ಳವರ ಮನೆಯ ಮಕ್ಕಳನ್ನೇ ಕರೆಯುತ್ತಿದ್ದರು, ಬಡಿಸಿದ ಮೇಲೆ ಅವರಿಗೂ ಅದನ್ನೇ ತಿನ್ನಿಸುತ್ತಿದ್ದರು. ಸಜ್ಜಿಗೆ ಬಡವರ ಊಟ ಎಂಬ ಮಾತು ನಮ್ಮ ಶಾಲೆಯಲ್ಲಿ ಹುಟ್ಟಲೇ ಇಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ: ಆ ವಯಸ್ಸಿನ ಮಗುವಿಗೆ ತಾಯಿಯೂ ಅಲ್ಲದ, ತಂದೆಯೂ ಅಲ್ಲದ, ಗಡಿಯಾರ ನೋಡದೆ ಹತ್ತಿರ ಕೂರುವ ಒಬ್ಬರು ದೊಡ್ಡವರು ಬೇಕು. ಮಿಷನ್ ಶಾಲೆಗಳು ನಮ್ಮ ಕರಾವಳಿಗೆ ಕೊಟ್ಟದ್ದರಲ್ಲಿ ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುವುದು ಅದನ್ನೇ. ಜನ ಇಂಗ್ಲಿಷನ್ನು ಹೊಗಳುತ್ತಾರೆ, ಶಿಸ್ತನ್ನು ಹೊಗಳುತ್ತಾರೆ. ಅವೆಲ್ಲ ಆಮೇಲಿನವು. ಬೆತ್ತವೂ ಇತ್ತು, ಅದನ್ನು ಮುಚ್ಚಿಡಬಾರದು. ಅಂಗೈ ಕೆಂಪಾಗಿ ಅತ್ತವರು ನಮ್ಮಲ್ಲಿದ್ದರು. ಶಿಕ್ಷಣ ಹಕ್ಕು ಕಾಯ್ದೆ ಹೊಡೆತವನ್ನು ನಿಷೇಧಿಸಿದ್ದು ಒಳ್ಳೆಯದಾಯಿತು, ಇನ್ನೂ ಮೊದಲೇ ಆಗಬೇಕಿತ್ತು.

ಹೀಗೆ ಮಕ್ಕಳ ಹತ್ತಿರ ಉಳಿದುಕೊಳ್ಳುವುದು ಈ ಮಿಷನ್ ಶಾಲೆಗಳ ಹುಟ್ಟುಗುಣ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಬಾಸೆಲ್ ಮಿಷನ್ನಿನ ಮೂವರು, ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್, ನಮ್ಮ ಕರಾವಳಿಗೆ ಬಂದಿಳಿದದ್ದು 1834ರಲ್ಲಿ. ಎರಡೇ ವರ್ಷದಲ್ಲಿ, 1836ರಲ್ಲಿ, ಮಂಗಳೂರಿನಲ್ಲಿ ಕನ್ನಡ ಶಾಲೆ ಶುರುವಾಯಿತು. ಇಂಗ್ಲಿಷ್ ಶಾಲೆ ಬಂದದ್ದು ಅದರ ನಂತರ, 1838ರಲ್ಲಿ. ಈ ಕ್ರಮವನ್ನು ನಮ್ಮವರು ಮರೆತಿದ್ದಾರೆ. ಹರ್ಮನ್ ಮೊಗ್ಲಿಂಗ್ 1836ರ ಕೊನೆಗೆ ಬಂದವರು, 1843ರ ಜುಲೈ 1ರಂದು 'ಮಂಗಳೂರು ಸಮಾಚಾರ'ವನ್ನು ಹೊರಡಿಸಿ ಕನ್ನಡಕ್ಕೆ ಪತ್ರಿಕೆ ಎಂಬುದನ್ನೇ ತಂದರು. ಅವರದು ಮೊದಲಿನಿಂದಲೂ ಮೇಷ್ಟ್ರ ಕೆಲಸ. ಶಾಲೆಗೆ ಪುಸ್ತಕ ಬೇಕಿತ್ತು, ಪುಸ್ತಕಕ್ಕೆ ಮುದ್ರಣ ಬೇಕಿತ್ತು, ಮುದ್ರಣ ಬಂದ ಮೇಲೆ ಪತ್ರಿಕೆ ಬಂತು. ಶಾಲೆಗೆ ಮಾಡು ಬೇಕಾದಾಗ ಹಂಚೂ ಬಂತು ಎನ್ನಬಹುದೇನೋ. ಗಿಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ 1865ರಲ್ಲಿ ತೆರೆದ ಹಂಚಿನ ಕಾರ್ಖಾನೆಯಿಂದಲೇ ಮಂಗಳೂರು ಹಂಚು ಲೋಕಕ್ಕೆಲ್ಲ ಹೋದದ್ದು. ಮಳೆಗಾಲದಲ್ಲಿ ಆ ಹಂಚಿನ ಮೇಲೆ ಮಳೆ ಹೊಯ್ಯುವಾಗ ಟೀಚರ್ ಹೇಳುವುದು ಒಂದೂ ಕೇಳಿಸುತ್ತಿರಲಿಲ್ಲ. ಆಗ ನಮಗೆ ಹಾಡಿನ ಪಿರಿಯಡ್.

ಹಾಡೆಂದಾಗ ಹೇಳಲೇಬೇಕು. ಕೀರಲು ಸ್ವರದವರನ್ನೂ ಒಡೆದ ಸ್ವರದವರನ್ನೂ ಬೇರೆ ಬೇರೆ ಗುಂಪು ಮಾಡಿ, ಒಂದೇ ಹಾಡನ್ನು ಎರಡು ಸ್ಥಾಯಿಯಲ್ಲಿ ಹೇಳಿಸಿ, ಎರಡನ್ನೂ ಕೂಡಿಸುವುದು ಆ ಶಾಲೆಗಳ ಸಂಗೀತದ ಕ್ರಮ. ಇಗರ್ಜಿಯ ಗಾಯನದಿಂದ ಬಂದ ಪದ್ಧತಿ. ಸ್ವರ ಒಡೆದ ಹುಡುಗನಿಗೆ ಹಾಡಲು ನಾಚಿಕೆ, ಅದು ಎಲ್ಲ ಊರಲ್ಲೂ ಇರುವುದೇ. ಇಲ್ಲಿ ಅವನ ಒಡೆದ ಸ್ವರಕ್ಕೇ ಒಂದು ಜಾಗವಿತ್ತು. ಅವನು ಕೆಳಗಿನ ಸಾಲನ್ನು ಹಾಡದಿದ್ದರೆ ನಮ್ಮ ಮೇಲಿನ ಸಾಲು ಬರಿದಾಗಿ ಕೇಳುತ್ತಿತ್ತು. ಹನ್ನೆರಡು ವರ್ಷದವನಿಗೆ "ನೀನು ಬೇಕು" ಎಂದು ಹೇಳಲು ಇದಕ್ಕಿಂತ ಚೆಂದದ ದಾರಿ ನನಗೆ ಇವತ್ತಿಗೂ ಹೊಳೆದಿಲ್ಲ.

ಇನ್ನು ಭಾಷೆ. ನಮ್ಮ ಜಿಲ್ಲೆಯ ಸಂಗತಿ ಘಟ್ಟದ ಮೇಲಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ತರಗತಿಯಲ್ಲಿ ನಮ್ಮದು ತುಳು ಮನೆ, ಪಕ್ಕದವಳದು ಕೊಂಕಣಿ, ಹಿಂದಿನ ಬೆಂಚಿನವಳದು ಬ್ಯಾರಿ. ಹವ್ಯಕರ ಮಕ್ಕಳದು ಕನ್ನಡವೇ, ಆದರೆ ಪುಸ್ತಕದ ಕನ್ನಡ ಅವರಿಗೂ ಬೇರೆಯೇ. ಕೊಂಕಣಿಯಲ್ಲೇ ಕ್ರೈಸ್ತರದು ಒಂದು ಬಗೆ, ಗೌಡ ಸಾರಸ್ವತರದು ಇನ್ನೊಂದು. ಹೀಗಾಗಿ ಕನ್ನಡ ನಮ್ಮಲ್ಲಿ ಯಾರೊಬ್ಬರ ಮನೆಯ ಸೊತ್ತೂ ಆಗಿರಲಿಲ್ಲ. ಅದು ಎಲ್ಲ ಮನೆಗಳಿಗೂ ಸೇರಿದ ಅಂಗಳ. ಯಾರೂ ಅಲ್ಲಿ ಯಜಮಾನರಲ್ಲ, ಯಾರೂ ನೆಂಟರಲ್ಲ. ತಪ್ಪು ಮಾತಾಡಿದರೆ ನಗುವವರಿರಲಿಲ್ಲ, ಯಾಕೆಂದರೆ ಎಲ್ಲರೂ ತಪ್ಪು ಮಾತಾಡುವವರೇ.

ಅದರಲ್ಲೂ ಏಳನೆಯಲ್ಲಿ ನಮಗೆ ಕನ್ನಡ ಕಲಿಸಿದ ಸಿಸ್ಟರ್ ಕೇರಳದವರು. ಸನ್ಯಾಸ ತೆಗೆದುಕೊಂಡು ಈ ಕಡೆಗೆ ಬಂದ ಮೇಲೆ ಅಕ್ಷರ ಕಲಿತವರು. ಅವರ ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ ಯಾವಾಗಲೂ ಇರುತ್ತಿತ್ತು. ನಾವು ಆಡುವ ಮಾತಿನಲ್ಲಿ ಗೊತ್ತಿಲ್ಲದ ಶಬ್ದ ಬಂದರೆ ಪಾಠ ನಿಲ್ಲಿಸಿ, "ಏನಂದೆ? ಇನ್ನೊಮ್ಮೆ ಹೇಳು" ಎಂದು ಬರೆದುಕೊಳ್ಳುತ್ತಿದ್ದರು. ಗದ್ದೆಯ ಕೆಲಸದ ಮಾತು, ಮೀನಿನ ಹೆಸರು, ಮಳೆಯ ಬಗೆಗಳು, ಹೀಗೆ. ಕಲಿಸುವವರೇ ನಮ್ಮ ಮುಂದೆ ಕಲಿಯುತ್ತಿದ್ದಾರೆ ಎಂಬುದು ನಮಗೆ ಎಷ್ಟು ದೊಡ್ಡ ಧೈರ್ಯ ಕೊಟ್ಟಿತೋ! ಆಮೇಲೆ ಕಾಲೇಜಿಗೆ ಹೋದಾಗ ಕಿಟ್ಟೆಲ್ ನಿಘಂಟಿನ ಕಥೆ ಕೇಳಿದೆ. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್, ಹಳಗನ್ನಡದ ಓಲೆಗರಿಯಿಂದ ಹಿಡಿದು ಜನರ ಬಾಯಿಯ ಗಾದೆಯವರೆಗೆ ಕೂಡಿಸಿ, ನಿಘಂಟು ಅಚ್ಚಾಗಿ ಹೊರಬಂದಾಗ 1894. ಓದುತ್ತ ಓದುತ್ತ ನನಗೆ ಕಣ್ಣಿಗೆ ಕಟ್ಟಿದ್ದು ನಮ್ಮ ಸಿಸ್ಟರ್‌ನ ಆ ಸಣ್ಣ ನೋಟ್‌ಬುಕ್ಕೇ.

ಇಂಗ್ಲಿಷ್ ಆಗ ಐದಕ್ಕೆ ಶುರು. ಸರಕಾರಿ ಶಾಲೆಗಳಲ್ಲಿ ಒಂದನೆಯಿಂದ ಇಂಗ್ಲಿಷ್ ಬಂದದ್ದು ತೀರಾ ಈಚೆಗೆ, 2007ರಲ್ಲಿ. ನಾಲ್ಕು ಗೆರೆಯ ಕಾಪಿ ಪುಸ್ತಕ, ಒಂದಕ್ಕೊಂದು ಕೂಡಿಸಿ ಬರೆಯುವ ಅಕ್ಷರ. ಗೆರೆ ದಾಟಿದರೆ ಇಡೀ ಪುಟ ಮತ್ತೆ. ಅಕ್ಷರ ದುಂಡಗಾದ ಮೇಲೆ ಸಿಸ್ಟರ್ ಕನ್ನಡದ ಕಾಪಿಯನ್ನೂ ತರಿಸಿ ಅದನ್ನೂ ಹಾಗೆಯೇ ತಿದ್ದಿಸಿದರು. ಹೊಲಿಗೆಯ ಪಿರಿಯಡ್‌ನಲ್ಲೂ ಇದೇ. ಬಿಳಿ ಬಟ್ಟೆಯ ತುಂಡಿನ ಮೇಲೆ ಓಟದ ಹೊಲಿಗೆ, ಸರಪಳಿ ಹೊಲಿಗೆ, ಗುಂಡಿ ಹಾಕುವ ಕಾಜ. ಹುಡುಗರಿಗೂ ಇತ್ತು. ಹೊಲಿಗೆಯ ಮುಂಭಾಗ ನೋಡಿದ ಮೇಲೆ ಬಟ್ಟೆಯನ್ನು ತಿರುವಿ ಹಿಂಭಾಗ ನೋಡುತ್ತಿದ್ದರು, ದಾರ ಅಲ್ಲಿ ಗಂಟುಗಂಟಾಗಿದ್ದರೆ ಬಿಚ್ಚಬೇಕು. ಯಾರೂ ನೋಡದ ಕಡೆ ಯಾಕೆ ಅಷ್ಟು ಅಚ್ಚುಕಟ್ಟು ಎಂದು ಆಗ ಸಿಟ್ಟು ಬರುತ್ತಿತ್ತು. ಈಗ ಬ್ಯಾಂಕಿನ ಚಲನ್ ತುಂಬುವಾಗಲೂ ನನ್ನ ಕೈ ನಿಧಾನವಾಗುತ್ತದೆ. ಆ ವಯಸ್ಸಿನಲ್ಲಿ ಕೈಗೆ ಬಿದ್ದ ಅಭ್ಯಾಸ ಕೈಯಲ್ಲೇ ಇರುತ್ತದೆ.

ಹುಡುಗಿಯರ ವಿಷಯಕ್ಕೆ ಬಂದೆ. ಇದನ್ನು ಸ್ವಲ್ಪ ಉದ್ದವಾಗಿ ಹೇಳಬೇಕು.

ನಮ್ಮ ಕಡೆ ಮನೆಮನೆಯಲ್ಲೂ ಬೀಡಿ ಕಟ್ಟುತ್ತಿದ್ದರು. ತೊಡೆಯ ಮೇಲೆ ತಡ್ಪೆ ಎಂಬ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಸಂಜೆಗೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋಗಿ ಲೆಕ್ಕ ಮಾಡಿಸಿದರೆ ಕೈಗೆ ಕಾಸು. ಹನ್ನೊಂದು ಹನ್ನೆರಡರ ಹುಡುಗಿಯ ಬೆರಳು ಸಪೂರ, ಚುರುಕು. ದೊಡ್ಡವರಿಗಿಂತ ಬೇಗ ಕಟ್ಟುತ್ತಿದ್ದಳು. ಮನೆಯಲ್ಲಿ ಅಕ್ಕಿ ಮುಗಿದಿದ್ದರೆ ಅವಳನ್ನು ಶಾಲೆ ಬಿಡಿಸುವುದಕ್ಕೆ ಇನ್ನೊಂದು ಕಾರಣ ಬೇಕಾಗಿರಲಿಲ್ಲ. ಆ ಕಾರಣವೂ ಅದೇ ಸಮಯಕ್ಕೆ ಬರುತ್ತಿತ್ತು, ಹುಡುಗಿ ದೊಡ್ಡವಳಾಗುತ್ತಿದ್ದಳು. ಶಾಲೆಯ ದಾರಿಯಲ್ಲಿ ಗುಡ್ಡ, ತೋಡು, ಒಂಟಿ ಗೇರುಹಿತ್ತಿಲು. ಕಳಿಸುವುದು ಹೇಗೆ ಎಂಬ ತಾಯಿಯ ಅಂಜಿಕೆ ಸುಳ್ಳಲ್ಲ. ಐದರಲ್ಲಿ ಕೂಡಿ ಕೂತಿದ್ದವರು ಏಳಕ್ಕೆ ಬರುವಷ್ಟರಲ್ಲಿ ಹಾಜರಿಪುಸ್ತಕದಲ್ಲಿ ಕೆಂಪು ಗೆರೆಗಳಾಗುತ್ತಿದ್ದರು.

ಸಿಸ್ಟರುಗಳು ಆ ಮನೆಗಳಿಗೆ ಹೋಗುತ್ತಿದ್ದರು. ಶನಿವಾರ ಮಧ್ಯಾಹ್ನ, ಬಿಳಿ ಬಟ್ಟೆ, ಕಪ್ಪು ಕೊಡೆ, ಜೊತೆಗೆ ದಾರಿ ತೋರಿಸಲು ನಮ್ಮಲ್ಲಿ ಒಬ್ಬರು. ನಾನೂ ಹೋಗಿದ್ದೇನೆ. ಹೋದವರು ಶಿಕ್ಷಣದ ಮಹತ್ವ ಎಂದು ಭಾಷಣ ಮಾಡುತ್ತಿರಲಿಲ್ಲ. ಜಗಲಿಯಲ್ಲಿ ಕೂತು, ತಾಯಿಯ ಕೈಯಿಂದ ತಡ್ಪೆ ತೆಗೆದುಕೊಂಡು, "ದಿನಕ್ಕೆ ಎಷ್ಟು ಆಗುತ್ತದೆ ಅಕ್ಕ?" ಎಂದು ಕೇಳಿ ಲೆಕ್ಕ ಹಾಕುತ್ತಿದ್ದರು. ಹಗಲು ಶಾಲೆಗೆ ಬಂದು ಸಂಜೆ ಕಟ್ಟಿದರೆ ಎಷ್ಟು ಕಡಿಮೆಯಾಗುತ್ತದೆ, ಆ ಕಡಿಮೆಯನ್ನು ಎಲ್ಲಿಂದ ತುಂಬಿಸಬಹುದು ಎಂಬುದೇ ಮಾತು. ಪುಸ್ತಕ, ಯೂನಿಫಾರ್ಮ್ ಕಾನ್ವೆಂಟಿನಿಂದ. ದಾರಿಗೆ ಮೇಲಿನ ಮನೆಯ ಹುಡುಗಿಯ ಜೊತೆ. ಮುಟ್ಟಿನ ದಿನಗಳಲ್ಲಿ ಬಾರದಿದ್ದರೆ ಬಯ್ಯುವುದಿಲ್ಲ, ಆದರೆ ಬರಬಹುದು, ಕಾನ್ವೆಂಟಿನಲ್ಲಿ ಕೋಣೆ ಇದೆ, ನೀರಿದೆ. ಈ ಕೊನೆಯ ಮಾತನ್ನು ತಾಯಿಯ ಹತ್ತಿರ ತಗ್ಗಿದ ಸ್ವರದಲ್ಲಿ ಹೇಳುತ್ತಿದ್ದರು. ಎಷ್ಟೋ ಹುಡುಗಿಯರು ಏಳು ದಾಟಿದ್ದು ಆ ಕೋಣೆ, ಆ ನೀರಿನಿಂದ. ಎಲ್ಲರೂ ದಾಟಲಿಲ್ಲ. ನನ್ನ ಬೆಂಚಿನವಳೇ ದಾಟಲಿಲ್ಲ.

ಅಪೋಸ್ತೊಲಿಕ್ ಕಾರ್ಮೆಲ್ ಸಭೆಯ ಸನ್ಯಾಸಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಎರಡು ವರ್ಷದ ಹಿಂದೆಯಷ್ಟೇ ಫ್ರಾನ್ಸಿನ ಬಯೋನ್‌ನಲ್ಲಿ ಆ ಸಭೆ ಹುಟ್ಟಿತ್ತು. ಬಂದವರು ಮೊದಲು ಹಿಡಿದದ್ದು ಹೆಣ್ಣುಮಕ್ಕಳ ಶಾಲೆಯನ್ನು. ಅದೇ ಸಭೆ 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ತೆರೆದಾಗ ಪಶ್ಚಿಮ ಕರಾವಳಿಯಲ್ಲಿ ಹೆಂಗಸರಿಗೆ ಅದೇ ಮೊದಲ ಕಾಲೇಜು. ಚರಿತ್ರೆ ಬರೆಯುವವರು ಕಾಲೇಜಿನ ಇಸವಿಯನ್ನು ದೊಡ್ಡಕ್ಷರದಲ್ಲಿ ಹಾಕುತ್ತಾರೆ, ಹಾಕಲಿ. ಆದರೆ ಆ ಐವತ್ತು ವರ್ಷ ಐದು, ಆರು, ಏಳರಲ್ಲಿ ಹುಡುಗಿಯರನ್ನು ಹಿಡಿದು ನಿಲ್ಲಿಸಿದ ಕೆಲಸ ಇಲ್ಲದಿದ್ದರೆ ಕಾಲೇಜಿನ ಬೆಂಚಿನಲ್ಲಿ ಕೂರಲು ಯಾರಿದ್ದರು?

ಮತಾಂತರದ ಮಾತು ಇಲ್ಲಿ ಬಂದೇ ಬರುತ್ತದೆ, ಬರಲಿ. ಆ ಭಯ ಇವತ್ತಿನದಲ್ಲ. 1844ರಲ್ಲಿ ಮಂಗಳೂರಿನ ಇಂಗ್ಲಿಷ್ ಶಾಲೆಯ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಹುಡುಗ ಕ್ರೈಸ್ತನಾದಾಗ ಪೇಟೆಯೇ ಅಲ್ಲೋಲಕಲ್ಲೋಲವಾಯಿತು, ಮನೆಯವರು ಹುಡುಗರನ್ನು ಶಾಲೆಯಿಂದ ಬಿಡಿಸಿಕೊಂಡು ಹೋದರು. ಕೌಂಡಿನ್ಯರು ಮುಂದೆ ಬಾಸೆಲ್‌ಗೆ ಹೋಗಿ ಓದಿ ಬಂದು ತಾವೇ ಮಿಷನರಿಯಾದರು. ಮಗನನ್ನು ಕಳೆದುಕೊಂಡೆವು ಎಂದು ಆ ಮನೆಯವರು ಪಟ್ಟ ಸಂಕಟ ನಿಜವಾದದ್ದು, ಅದನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. ನಮ್ಮ ಕಾಲಕ್ಕೆ ಬರುವಾಗ ಶಾಲೆಗಳು ಒಂದು ಹದಕ್ಕೆ ಬಂದಿದ್ದವು. ಕ್ರೈಸ್ತ ಮಕ್ಕಳು ಧರ್ಮೋಪದೇಶದ ಪಾಠಕ್ಕೆ ಬೇರೆ ಕೋಣೆಗೆ ಹೋಗುತ್ತಿದ್ದರು, ಉಳಿದ ನಮಗೆ ನೀತಿಪಾಠ. ಅದರಲ್ಲಿ ಯೇಸುವಿನ ಸಾಮತಿ ಕಥೆಗಳೂ ಇದ್ದವು, ಪಂಚತಂತ್ರವೂ ಇತ್ತು, ಹರಿಶ್ಚಂದ್ರನೂ ಇದ್ದ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಎತ್ತಿಕೊಂಡು ಹೋದ ಸಮಾರ್ಯದವನ ಕಥೆಯನ್ನು ನಾನು ಮನೆಗೆ ಬಂದು ಹೇಳಿದಾಗ ನನ್ನ ಅಜ್ಜಿ ಭಜನೆ ನಿಲ್ಲಿಸಿ ಕೇಳಿದರು, ಆಮೇಲೆ "ಆ ಛತ್ರದವನಿಗೆ ದುಡ್ಡು ಯಾರು ಕೊಟ್ಟರು?" ಎಂದು ಕೇಳಿದರು. ಕಥೆಯಲ್ಲಿ ಅದಕ್ಕೂ ಉತ್ತರವಿದೆ, ಎತ್ತಿಕೊಂಡು ಹೋದವನೇ ಕೊಟ್ಟ. ಅಜ್ಜಿಗೆ ಸಮಾಧಾನವಾಯಿತು.

ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಗುವನ್ನು ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸಬಾರದು ಎಂದು 28ನೆಯ ವಿಧಿ ಹೇಳಿದೆ. ಎರಡನ್ನೂ ಒಟ್ಟಿಗೆ ಓದಬೇಕು. ನನಗೆ ಬೇಸರ ತರುವುದು ಬೇರೆ ಸಂಗತಿ. ಈಗ ಕೆಲವು ಕಡೆ ಹುಡುಗಿ ಮಲ್ಲಿಗೆ ಮುಡಿದು ಬಂದರೆ ತೆಗೆಸುತ್ತಾರೆ, ಕೈಬಳೆ ತೆಗೆಸುತ್ತಾರೆ, ಕುಂಕುಮ ಒರೆಸುತ್ತಾರೆ, ಶಿಸ್ತು ಎನ್ನುತ್ತಾರೆ. ನಮ್ಮ ಸಿಸ್ಟರುಗಳು ಶುಕ್ರವಾರ ನಾವು ಮುಡಿದು ಬಂದ ಮಲ್ಲಿಗೆಯ ತುಂಡನ್ನು ಕೇಳಿ ತೆಗೆದುಕೊಂಡು ಮೇಜಿನ ಮೇಲಿನ ಲೋಟದಲ್ಲಿ ಇಡುತ್ತಿದ್ದರು. ಹನ್ನೆರಡರ ಹುಡುಗಿ ತನ್ನ ಮೈಯನ್ನೇ ಹೊಸದಾಗಿ ನೋಡಿಕೊಳ್ಳುತ್ತಿರುವಾಗ ಎಲ್ಲರ ಎದುರು ಅವಳ ತಲೆಯಿಂದ ಹೂವು ಕಿತ್ತರೆ ಅದು ಅವಳಿಗೆ ಎಷ್ಟು ಕಾಲ ನೋಯುತ್ತದೆ ಎಂದು ಯೋಚಿಸಬೇಕು. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳೂ ಇವೆ. 1836ರಲ್ಲಿ ಕನ್ನಡದಿಂದ ಶುರುಮಾಡಿದ ಪರಂಪರೆಯವರು ಇದನ್ನು ಮಾಡಬಾರದು. ತುಳುವರೂ ಬ್ಯಾರಿಗಳೂ ಕೊಂಕಣಿಗರೂ ಕೂಡಿ ನಿಲ್ಲುತ್ತಿದ್ದ ಜಾಗವನ್ನು ತಮ್ಮ ಕೈಯಾರೆ ಮುಚ್ಚಿದ ಹಾಗೆ ಅದು.

ಕಷ್ಟ ಅವರಿಗೂ ಇದೆ. ಕನ್ನಡ ಮಾಧ್ಯಮಕ್ಕೆ ಮಕ್ಕಳು ಬರುವುದಿಲ್ಲ. ಅನುದಾನಿತ ಶಾಲೆಯಲ್ಲಿ ಟೀಚರ್ ನಿವೃತ್ತರಾದರೆ ಆ ಹುದ್ದೆ ವರ್ಷಗಟ್ಟಲೆ ಖಾಲಿ ಬೀಳುತ್ತದೆ. ಆಡಳಿತದವರು ಕೈಯಿಂದ ಸಣ್ಣ ಸಂಬಳ ಕೊಟ್ಟು ಯಾರನ್ನೋ ಇಟ್ಟುಕೊಳ್ಳುತ್ತಾರೆ, ಅವರು ಇನ್ನೊಂದು ಕೆಲಸ ಸಿಕ್ಕ ಕೂಡಲೇ ಹೋಗುತ್ತಾರೆ. ಕಾನ್ವೆಂಟಿಗೆ ಬರುವ ಹೊಸ ಹುಡುಗಿಯರು ಕಡಿಮೆ, ಇರುವ ಸಿಸ್ಟರುಗಳಿಗೆ ವಯಸ್ಸಾಗಿದೆ. ಪಕ್ಕದಲ್ಲೇ ಅದೇ ಕಂಪೌಂಡಿನ ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ಮಕ್ಕಳು ತುಂಬಿ ತುಳುಕುತ್ತಾರೆ. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯವಾಗದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿತು. ಹಕ್ಕಿನ ಮಾತು ಹಾಗಿರಲಿ, ಆ 35ರ ಮಿತಿಯನ್ನು ಯಾರ ಒತ್ತಾಯವೂ ಇಲ್ಲದೆ ತಾವಾಗಿ ಪಾಲಿಸಿದರೆ ಈ ಶಾಲೆಗಳ ಹಿರಿಯರಿಗೆ ಅದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ.

ನನ್ನ ಮೊಮ್ಮಗಳು ಈಗ ಆರನೆಯಲ್ಲಿ, ಅಂಥದೇ ಒಂದು ಶಾಲೆಯಲ್ಲಿ ಓದುತ್ತಾಳೆ. ಬೆಳಿಗ್ಗೆ ಏಳಕ್ಕೆ ಮೊದಲೇ ಬಸ್ಸು, ಸಂಜೆ ಬಂದವಳೇ ಟ್ಯೂಷನ್. ಶಾಲೆಯಲ್ಲಿ ಯಾವ ಟೀಚರ್ ಇಷ್ಟ ಎಂದು ಕೇಳಿದರೆ ವಿಷಯದ ಹೆಸರು ಹೇಳುತ್ತಾಳೆ, "ಸೈನ್ಸ್ ಮಿಸ್", "ಹಿಂದಿ ಮಿಸ್". ಪಿರಿಯಡ್ ಮುಗಿದರೆ ಅವರು ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ. ಪಾಪ, ಅವರ ತಪ್ಪಲ್ಲ. ಒಬ್ಬರೇ ಕ್ಲಾಸ್ ಟೀಚರ್ ಆರರಿಂದ ಎಂಟರವರೆಗೆ ಅದೇ ಮಕ್ಕಳ ಜೊತೆ ಮೇಲೆ ಬಂದರೆ ಏನು ತೊಂದರೆ ಎಂದು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಹತ್ತಿರ ಕೇಳಿದೆ. ಅವರು ಯೋಚಿಸಿ, "ತೊಂದರೆ ಏನೂ ಇಲ್ಲ ಅಮ್ಮ, ಆ ಟೀಚರ್ ಮೂರು ವರ್ಷ ನಮ್ಮಲ್ಲಿ ಉಳಿಯಬೇಕಲ್ಲ" ಎಂದರು. ನಿಜವೇ.

ಆದರೆ ಅದೇ ಕಂಪೌಂಡಿನ ಕಾನ್ವೆಂಟಿನಲ್ಲಿ ನಿವೃತ್ತರಾದ ಸಿಸ್ಟರುಗಳಿದ್ದಾರೆ. ಊರಿನಲ್ಲಿ ನಿವೃತ್ತ ಟೀಚರುಗಳಿದ್ದಾರೆ, ಬ್ಯಾಂಕಿನಿಂದ, ಅಂಚೆ ಕಚೇರಿಯಿಂದ ನಿವೃತ್ತರಾದವರಿದ್ದಾರೆ. ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಜೂನ್ ತಿಂಗಳಿಂದ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಜಗಲಿಯಲ್ಲಿ ಕೂರುವುದು. ಟ್ಯೂಷನ್ ಅಲ್ಲ, ಫೀಸು ಇಲ್ಲ, ಪರೀಕ್ಷೆ ಇಲ್ಲ. ಲೆಕ್ಕ ಬೇಕಾದವರಿಗೆ ಲೆಕ್ಕ, ಹೊಲಿಗೆ ಬೇಕಾದವರಿಗೆ ಹೊಲಿಗೆ, ಸುಮ್ಮನೆ ಕೂರಬೇಕಾದವರು ಕೂರಬಹುದು. ಎಂಬತ್ತು ದಾಟಿದ ಒಬ್ಬ ಸಿಸ್ಟರ್ ಹಾಡು ತಮ್ಮ ಪಾಲಿಗೆ ಎಂದಿದ್ದಾರೆ. ದಶಮಾಂಶ ನಾನು ತೆಗೆದುಕೊಂಡಿದ್ದೇನೆ. ಮುಖ್ಯೋಪಾಧ್ಯಾಯಿನಿಯವರು ಒಪ್ಪಿದ್ದಾರೆ, ಬೆಂಚು ಕೊಡುತ್ತೇನೆ ಎಂದಿದ್ದಾರೆ. ನಾಲ್ಕು ಗಂಟೆಗೇ ಹೊರಡುವ ಬಸ್ಸಿನ ಮಕ್ಕಳನ್ನು ಹೇಗೆ ಉಳಿಸಿಕೊಳ್ಳುವುದು ಎಂಬುದೊಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಬಸ್ಸಿನವರ ಜೊತೆ ಮಾತಾಡಲು ಮುಂದಿನ ಸೋಮವಾರ ಹೋಗುವುದೆಂದಾಗಿದೆ.